ಡಬ್ಬದ ಹಿಂದಿನ ಜನ್ಮ

ಹಿತ್ತಲಿನ ಮೂರು ಕಲ್ಲಿನ ಮೇಲೆ ನಾನು ಈಗ ನೀರು ಕಾಯಿಸುವುದು ಒಂದು ಅನಾನಸ್ ಡಬ್ಬದಲ್ಲಿ. ಹೊರಗೆಲ್ಲ ಮಸಿ ಹಿಡಿದು ಕಪ್ಪಾಗಿದೆ. ಬಾಯಿಯ ಹತ್ತಿರ ಒಂದು ಕಡೆ ಸ್ವಲ್ಪ ನೆಗ್ಗಿದೆ. ಹಿಡಿ ಹಳೇ ಸೈಕಲ್ ಚಕ್ರದ ಕಡ್ಡಿ. ಮುಚ್ಚಳ ಇನ್ನೊಂದು ಡಬ್ಬದ್ದು. ಕೈಗೆ ತೆಗೆದುಕೊಂಡರೆ ಭಾರವೇ ಗೊತ್ತಾಗುವುದಿಲ್ಲ.

ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇದನ್ನು ಮಾಡೋಕೆ ಎಷ್ಟು ಹೊತ್ತು ಬೇಕಾಯ್ತು ಅಂತ. ಕೈಕೆಲಸಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಆದರೆ ಯಾವ ಡಬ್ಬ ಒಲೆ ಏರಬಹುದು, ಯಾವುದು ಏರಲೇಬಾರದು ಅಂತ ತಿಳಿಯೋಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಹೇಳಬೇಕು ಅನ್ನಿಸುವುದು ಆ ವರ್ಷದ ಬಗ್ಗೆಯೇ.

ಮನೆಯಲ್ಲಿ ಪಾತ್ರೆಗಳಿಗೇನೂ ಕೊರತೆ ಇರಲಿಲ್ಲ. ಬಯಲಿನಲ್ಲಿ ಉರಿ ಹಾಕಿದಾಗ ಮಸಿ ಹಿಡಿದರೂ ಬೇಜಾರಾಗದ, ಚೀಲದಲ್ಲಿ ಹಗುರವಾಗಿ ಕೂರುವ, ಬೆಂಕಿಯ ಮೇಲೆ ತೂಗುಹಾಕಬಹುದಾದ ಒಂದು ಪಾತ್ರೆ ಬೇಕಿತ್ತು. ಅಂಗಡಿಯಲ್ಲಿ ಅಂಥದ್ದು ಸಿಗುತ್ತದೆ, ಗೊತ್ತು. ಆದರೆ ಕಸದ ಬುಟ್ಟಿಗೆ ಹಾಕುವಾಗಲೆಲ್ಲ ಕೈ ಒಂದು ಕ್ಷಣ ತಡೆಯುತ್ತಿತ್ತು. ಖಾಲಿ ಡಬ್ಬವನ್ನು ಒಮ್ಮೆ ಸುಮ್ನೆ ತಿರುಗಿಸಿ ನೋಡಿ. ಗೋಡೆಯ ದಪ್ಪ ಸುಮಾರು 0.2 ಮಿಲಿಮೀಟರ್ ಅಷ್ಟೇ. ಅಷ್ಟು ತೆಳ್ಳಗಿನ ತಗಡು ನೆಗ್ಗದೆ ನಿಲ್ಲಲಿ ಅಂತ ಸುತ್ತಲೂ ಅಲೆ ಅಲೆಯಾಗಿ ಉಬ್ಬು ತಗ್ಗು ಮಾಡಿರುತ್ತಾರೆ. ತಳದಲ್ಲಿ ಉಂಗುರದಂಥ ಗೆರೆಗಳಿರುತ್ತವೆ. ಒಂದು ಹನಿ ಸೋರದ ಹಾಗೆ ಹೊಲಿಗೆ ಹಾಕಿರುತ್ತಾರೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದ ವಸ್ತುವನ್ನು ಒಂದೇ ಸಲ ಬಳಸಿ ಬಿಸಾಡೋದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಹಾಗಾಗಿ ಒಂದು ರಜೆಯ ದಿನ ಮನೆಯ ಮೂಲೆ ಮೂಲೆಯಲ್ಲಿದ್ದ ಲೋಹದ ಡಬ್ಬಗಳನ್ನೆಲ್ಲ ತಂದು ಗೋಣಿಚೀಲದ ಮೇಲೆ ಹರಡಿದೆ. ಬಣ್ಣದ ಡಬ್ಬ, ಎಂಜಿನ್ ಆಯಿಲ್ ಡಬ್ಬ, ಒಂದು ಪುಟ್ಟ ತಗಡಿನ ಬಕೆಟ್, ತಂಪು ಪಾನೀಯದ ಕ್ಯಾನ್‌ಗಳು, ಹಾಲಿನ ಪುಡಿಯ ಡಬ್ಬ, ಹಣ್ಣಿನ ಡಬ್ಬಗಳು, ಬಿಸ್ಕತ್ತಿನ ಡಬ್ಬ, ಮುಚ್ಚಳ ಕಳೆದುಹೋದ ಒಂದು ಸ್ಟೀಲ್ ಡಬ್ಬಿ, ಕೆಟ್ಟುಹೋದ ಥರ್ಮಾಸ್ ಫ್ಲಾಸ್ಕ್. ಅವತ್ತು ನನ್ನ ಕಣ್ಣಿಗೆ ಎಲ್ಲವೂ ಪಾತ್ರೆಯಾಗಿಯೇ ಕಾಣುತ್ತಿದ್ದವು. ಈಗ ಅದೇ ರಾಶಿ ಮುಂದಿಟ್ಟರೆ ಎರಡೋ ಮೂರೋ ಎತ್ತಿಕೊಂಡು ಉಳಿದದ್ದನ್ನು ಗುಜರಿಗೆ ಹಾಕುತ್ತೇನೆ.

ಬಣ್ಣ, ಕೀಟನಾಶಕ, ಎಣ್ಣೆ, ಸೀಮೆಎಣ್ಣೆ ಇದ್ದ ಡಬ್ಬಗಳ ಮಾತು ಬೇಗ ಮುಗಿಯುತ್ತದೆ. ಎಷ್ಟು ತೊಳೆದರೂ ಹೊಲಿಗೆಯ ಸಂದಿಯೊಳಗೆ ಏನು ಉಳಿದಿದೆ ಅಂತ ಹೇಳೋಕಾಗಲ್ಲ. ಉರಿಯುವ ದ್ರವ ಇದ್ದ ಡಬ್ಬವನ್ನು ಕತ್ತರಿಸಲು ಹೋದರೆ ಒಳಗಿನ ಆವಿಗೆ ಕಿಡಿ ತಾಕಿ ಸಿಡಿಯಬಹುದು. ಸ್ಪ್ರೇ ಕ್ಯಾನ್‌ಗಳಂತೂ ಬೆಂಕಿಯ ಹತ್ತಿರವೂ ಬರಬಾರದು. ಥರ್ಮಾಸ್ ಕೂಡ ಅಷ್ಟೇ. ಅದರ ಎರಡು ಗೋಡೆಗಳ ನಡುವಿನ ಜಾಗ ಪೂರ್ತಿ ಮುಚ್ಚಿರುತ್ತದೆ. ಅದನ್ನು ಕಾಯಿಸಿದರೆ ಒಡೆದು ಹಾರುವ ಅಪಾಯ ಇದೆ.

ಆ ತಗಡಿನ ಬಕೆಟ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಯಾಕೆಂದರೆ ನನಗೆ ಮೊದಲು ಇಷ್ಟವಾದದ್ದು ಅದೇ. ಗಟ್ಟಿ ಹಿಡಿ ಆಗಲೇ ಇತ್ತು, ಕಿವಿ ಇತ್ತು, ತುಕ್ಕು ಎಲ್ಲೂ ಇಲ್ಲ. ಮೈಮೇಲೆ ಹಿಮದ ಹರಳಿನ ಹಾಗೆ ಬೂದು ಬಣ್ಣದ ಚಂದದ ಚಿತ್ತಾರ. ಆ ಚಿತ್ತಾರವೇ ಎಚ್ಚರಿಕೆ. ಅದು ಸತುವಿನ ಲೇಪ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಅಂತ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಹುಳಿ ಪದಾರ್ಥ ಅದರಲ್ಲಿ ಬಿದ್ದರೆ ಸತು ಕರಗಿ ಅಡುಗೆಗೆ ಸೇರುತ್ತದೆ, ತಿಂದವರಿಗೆ ಹೊಟ್ಟೆನೋವು, ವಾಂತಿ. ಬರೀ ಬೆಂಕಿಗೆ ಇಟ್ಟರೂ ತೊಂದರೆ ತಪ್ಪಲ್ಲ. ಸತು 419.5 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿಯುತ್ತದೆ. ಒಳ್ಳೆಯ ಕೆಂಡದ ರಾಶಿ ಆ ಬಿಸಿಯ ಹತ್ತಿರ ಹೋಗಬಲ್ಲದು. ಆಗ ಏಳುವ ಬಿಳಿ ಹೊಗೆ ಉಸಿರಿನಲ್ಲಿ ಹೋದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಶುರುವಾಗುತ್ತದೆ. ಬೆಸುಗೆ ಕೆಲಸ ಮಾಡುವವರಿಗೆ ಇದು ಹಳೇ ಪರಿಚಯದ ಕಾಯಿಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ ಇದು. ಆ ಬಕೆಟ್‌ನಲ್ಲಿ ಈಗ ಒಲೆಯ ಬೂದಿ ತುಂಬಿಡುತ್ತೇನೆ.

ತಂಪು ಪಾನೀಯದ ಕ್ಯಾನ್ ಅಲ್ಯೂಮಿನಿಯಂ. ಅದರ ಗೋಡೆ ಸುಮಾರು 0.1 ಮಿಲಿಮೀಟರ್ ಮಾತ್ರ, ಒಳಗೆ ಪ್ಲಾಸ್ಟಿಕ್‌ನಂಥ ಪದರವೂ ಇರುತ್ತದೆ. ತುರ್ತಿಗೆ ಒಂದು ಲೋಟ ನೀರು ಕಾಯಿಸಬಹುದೇನೋ, ಪಾತ್ರೆ ಅಂತ ಕರೆಯುವಂಥದ್ದಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಖಾಲಿಯಾಗಿ ಕೆಂಡದಲ್ಲಿ ಬಿದ್ದರೆ ಬೆಳಗ್ಗೆ ಬೂದಿಯಲ್ಲಿ ಒಂದು ಉಂಡೆ ಸಿಗುತ್ತದೆ.

ಇನ್ನು ಉಳಿದದ್ದು ಆಹಾರದ ಡಬ್ಬಗಳು. ಇವನ್ನು ತವರದ ಡಬ್ಬ ಅನ್ನುತ್ತೇವೆ. ಆದರೆ ಇವು ಉಕ್ಕಿನವು. ಉಕ್ಕಿನ ತಗಡಿಗೆ ಎರಡೂ ಕಡೆ ತವರದ ಕಲಾಯಿ ಹಾಕಿರುತ್ತಾರೆ. ಆ ಕಲಾಯಿ ಎಷ್ಟು ತೆಳ್ಳಗೆ ಅಂದರೆ, ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದ ಆಸುಪಾಸು. ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತದೆ, ಅದು ಒಳಗಿನ ಉಕ್ಕಿನ ಗುರುತು.

ಈ ಕಲಾಯಿಯ ಮೇಲೆ ಬಹಳಷ್ಟು ಡಬ್ಬಗಳಲ್ಲಿ ಇನ್ನೊಂದು ಪದರ ಇರುತ್ತದೆ. ಒಳಗೆ ಬಿಳಿಯಾಗಿಯೋ ಹೊನ್ನಿನ ಬಣ್ಣದ್ದಾಗಿಯೋ ಕಂಡರೆ ಅದು ಲೇಪ. ತಿನಿಸು ಲೋಹಕ್ಕೆ ತಾಗದಿರಲಿ ಅಂತ ಬಳಿದದ್ದು. ಬಹಳ ವರ್ಷ ಈ ಲೇಪಗಳನ್ನು ಬಿಸ್ಫೆನಾಲ್-ಎ ಅನ್ನುವ ರಾಸಾಯನಿಕ ಬಳಸಿದ ಎಪಾಕ್ಸಿ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನಿಂದ ಮಾಡುತ್ತಿದ್ದರು. ಈಚೆಗೆ ಹಲವು ತಯಾರಕರು ಬೇರೆ ಲೇಪಕ್ಕೆ ಹೋಗಿದ್ದಾರೆ. ಯಾವುದೇ ಇರಲಿ, ಅದು ಕಾರ್ಖಾನೆಯಲ್ಲಿ ಡಬ್ಬದ ಜೊತೆ ಬೇಯಲು ಮಾಡಿದ್ದು, ಸೌದೆಯ ಉರಿಗೆ ಸುಡಲು ಮಾಡಿದ್ದಲ್ಲ. ಕೆಲವರು ಡಬ್ಬವನ್ನು ಖಾಲಿಯಾಗಿ ಬೆಂಕಿಗೆ ಹಾಕಿ ಆ ಲೇಪವನ್ನು ಸುಟ್ಟು ತೆಗೆಯುತ್ತಾರೆ. ನಾನೂ ಒಮ್ಮೆ ಮಾಡಿದೆ. ಕಟುವಾದ ಹೊಗೆ ಎದ್ದಿತು, ಗಾಳಿಗೆ ಬೆನ್ನು ಕೊಟ್ಟು ದೂರ ನಿಂತರೂ ಗಂಟಲು ಕೆರೆಯಿತು. ಲೇಪ ಹೋಯಿತು, ಜೊತೆಗೆ ಕಲಾಯಿಯೂ ಹೋಯಿತು. ಉಳಿದದ್ದು ಬರೀ ಉಕ್ಕು. ಮರುದಿನ ಬೆಳಗ್ಗೆ ಅದರ ಮೇಲೆ ಕಿತ್ತಳೆ ಬಣ್ಣದ ತುಕ್ಕು ಪುಡಿ ಪುಡಿಯಾಗಿ ಎದ್ದಿತ್ತು. ಎಣ್ಣೆ ಸವರಿ ಕಾಯಿಸಿ ಹದ ಮಾಡಿದರೆ ಅದನ್ನೂ ಬಳಸಬಹುದು. ಆದರೆ ಅಷ್ಟೆಲ್ಲ ಯಾಕೆ, ಲೇಪವೇ ಇಲ್ಲದ ಡಬ್ಬ ಸಿಗುವಾಗ?

ಸಿಗುತ್ತದೆ. ಇದು ಗೊತ್ತಾದ ದಿನ ನನಗೆ ನಿಧಿ ಸಿಕ್ಕಷ್ಟು ಖುಷಿಯಾಗಿತ್ತು. ಅನಾನಸ್, ಪೀಚ್, ಪೇರು ಇಂಥ ತಿಳಿ ಬಣ್ಣದ ಹಣ್ಣುಗಳನ್ನು ಎಷ್ಟೋ ಸಲ ಗೋಡೆಗೆ ಲೇಪ ಇಲ್ಲದ ಡಬ್ಬದಲ್ಲಿ ತುಂಬುತ್ತಾರೆ. ಒಳಗೆ ಉಳಿದಿರುವ ಸ್ವಲ್ಪ ಆಮ್ಲಜನಕ ಹಣ್ಣಿನ ಬಣ್ಣ ಕೆಡಿಸುವ ಮೊದಲು ತವರದ ಜೊತೆ ಸೇರಿಬಿಡುತ್ತದೆ. ಹಣ್ಣು ಕಪ್ಪಾಗದೆ ತಿಳಿಯಾಗಿ ಉಳಿಯುತ್ತದೆ. ಅಂದರೆ ಕಲಾಯಿ ತಾನು ಸವೆದು ಹಣ್ಣನ್ನು ಕಾಯುತ್ತದೆ. ಅಂಥ ಡಬ್ಬದ ಒಳಗೆ ಕಣ್ಣಿಟ್ಟು ನೋಡಿದರೆ ಬೆಳ್ಳಿಯ ಬಣ್ಣದ ಗೋಡೆಯ ಮೇಲೆ ಹಕ್ಕಿಯ ಗರಿಯಂಥ ಮಂಕು ಗುರುತುಗಳು ಕಾಣುತ್ತವೆ. ಹಣ್ಣಿನ ಹುಳಿ ತವರವನ್ನು ಒಂದಿಷ್ಟು ತಿಂದು ಅದರ ಹರಳುಗಳನ್ನು ಬಿಡಿಸಿ ತೋರಿಸಿರುತ್ತದೆ. ಎಷ್ಟೋ ಡಬ್ಬಗಳಲ್ಲಿ ಗೋಡೆ ಬೆಳ್ಳಿಯಾಗಿದ್ದರೂ ತಳಕ್ಕೆ ಹೊನ್ನಿನ ಲೇಪ ಇರುತ್ತದೆ, ಮೋಸ ಹೋಗಬೇಡಿ. ತಳವೂ ಬೆಳ್ಳಿಯಾಗಿರುವುದು ಸಿಗುವವರೆಗೆ ನಾನು ಕಾದೆ. ಹಾಗೆ ಕಾಯುವುದಕ್ಕೇ ಆ ವರ್ಷದ ಬಹುಪಾಲು ಹೋಯಿತು.

ಹಳೇ ಅಟ್ಟದಿಂದ ಇಳಿಸಿದ ತೀರಾ ಹಳೆಯ ಡಬ್ಬಗಳಿದ್ದರೆ ಅವನ್ನು ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ಕಾರಣ ಸೀಸ. ಬ್ರಿಟನ್ನಿನಲ್ಲಿ ಪೀಟರ್ ಡ್ಯುರಾಂಡ್ 1810ರಲ್ಲಿ ತವರದ ಡಬ್ಬಕ್ಕೆ ಪೇಟೆಂಟ್ ಪಡೆದ ಮೇಲೆ ತುಂಬಾ ಕಾಲ ಡಬ್ಬದ ಹೊಲಿಗೆಗಳನ್ನು ಸೀಸದ ಬೆಸುಗೆಯಿಂದಲೇ ಮುಚ್ಚುತ್ತಿದ್ದರು. 1845ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್ ಉತ್ತರ ಧ್ರುವ ಪ್ರದೇಶದ ಕಡೆಗೆ ಹೊರಟಾಗ ಹಡಗಿನ ತುಂಬ ಇಂಥ ಡಬ್ಬಗಳಿದ್ದವು. ಮಂಜಿನಲ್ಲಿ ಸಿಕ್ಕಿಕೊಂಡ 129 ಜನರಲ್ಲಿ ಒಬ್ಬರೂ ಮರಳಲಿಲ್ಲ. 1980ರ ದಶಕದಲ್ಲಿ ಕೆಲವರ ಸಮಾಧಿ ತೆರೆದು ಪರೀಕ್ಷೆ ಮಾಡಿದಾಗ ದೇಹದಲ್ಲಿ ಸೀಸ ಜಾಸ್ತಿ ಇತ್ತು. ಅದು ಡಬ್ಬಗಳಿಂದಲೇ ಬಂತಾ, ಸಾವಿಗೆ ಅದೇ ಕಾರಣವಾ ಅಂತ ಸಂಶೋಧಕರು ಇಂದಿಗೂ ವಾದ ಮಾಡುತ್ತಾರೆ. ಬೆಸುಗೆಯಲ್ಲಿ ಸೀಸ ಇದ್ದದ್ದಂತೂ ನಿಜ. ಅಮೆರಿಕದಲ್ಲಿ ಸೀಸದ ಬೆಸುಗೆಯ ಆಹಾರ ಡಬ್ಬಗಳನ್ನು ನಿಷೇಧಿಸಿದ್ದು 1995ರಲ್ಲಿ. ಈಗಿನ ಡಬ್ಬದ ಪಕ್ಕದ ಹೊಲಿಗೆ ಕರೆಂಟಿನಿಂದ ಹಾಕಿದ ಸಣ್ಣ ನೇರ ಗೆರೆ. ಹಳೆಯದರಲ್ಲಿ ಮಡಿಕೆ ಅಗಲವಾಗಿರುತ್ತದೆ, ಅಂಚಿನಲ್ಲಿ ಬೆಸುಗೆ ಒಸರಿದ ಕಲೆ ಇರುತ್ತದೆ. ಬೆರಳಿಟ್ಟು ಸವರಿದರೆ ವ್ಯತ್ಯಾಸ ತಿಳಿಯುತ್ತದೆ.

ಆಯ್ಕೆಯ ಕೆಲಸ ಇಲ್ಲಿಗೆ ಮುಗಿಯಿತು. ನನಗೆ ಸಿಕ್ಕಿದ ಡಬ್ಬದ ಅಗಲ 99 ಮಿಲಿಮೀಟರ್, ಎತ್ತರ 119. ಹಣ್ಣಿನ ಡಬ್ಬಗಳಲ್ಲಿ ಇದು ತುಂಬಾ ಸಾಮಾನ್ಯವಾದ ಅಳತೆ. ಕಂಠದವರೆಗೆ ತುಂಬಿದರೆ ಸುಮಾರು 850 ಮಿಲಿಲೀಟರ್ ಹಿಡಿಯುತ್ತದೆ. ಕುದಿ ಉಕ್ಕದ ಹಾಗೆ ಜಾಗ ಬಿಟ್ಟರೆ 700. ಇಬ್ಬರಿಗೆ ಚಹಾ ಆಗುತ್ತದೆ.

ಮೊದಲ ಕೆಲಸ ಬಾಯಿಯ ಅಂಚು. ಸಾಮಾನ್ಯ ಓಪನರ್‌ನಿಂದ ತೆರೆದಿದ್ದರೆ ಒಳಗಡೆ ಹಲ್ಲಿನಂಥ ಚೂಪು ಉಳಿಯುತ್ತದೆ. ತಗಡು ಕುಯ್ದ ಗಾಯ ನೋವಿಗಿಂತ ಮೊದಲು ರಕ್ತ ತೋರಿಸುತ್ತದೆ. ಮೊದಲ ಸಲ ನಾನು ಕೈಗವಸು ಹಾಕಿರಲಿಲ್ಲ. ಅರ ಹಿಡಿದು ಒಳ ಅಂಚನ್ನು ಉಜ್ಜುವಾಗ ಅರ ಜಾರಿ ಹೆಬ್ಬೆರಳಿನ ಬುಡ ಸೀಳಿತು, ಗೊತ್ತಾಗಿದ್ದು ಡಬ್ಬದ ಒಳಗೆ ಕೆಂಪು ಹನಿ ಬಿದ್ದ ಮೇಲೆ. ಈಗ ದಪ್ಪ ಕೈಗವಸು ಇಲ್ಲದೆ ಡಬ್ಬ ಮುಟ್ಟುವುದಿಲ್ಲ. ಚೂಪನ್ನು ಮೊದಲು ಇಕ್ಕಳದಿಂದ ಗೋಡೆಗೆ ಒತ್ತಿ ಮಡಿಸುತ್ತೇನೆ. ಆಮೇಲೆ ಅರ. ಕೊನೆಗೆ ಮರಳು ಕಾಗದ. ಒಂದು ಹತ್ತಿಯ ಎಳೆಯನ್ನು ಅಂಚಿನ ಸುತ್ತ ಎಳೆದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಚೂಪು ಇದೆ ಅಂತ ಅರ್ಥ. ಪಕ್ಕದಿಂದ ಕತ್ತರಿಸುವ ಓಪನರ್ ಇದ್ದರೆ ಈ ಕಷ್ಟವೇ ಇಲ್ಲ. ಅಂಚು ನಯವಾಗಿ ಬಿಡಿಸಿಕೊಳ್ಳುತ್ತದೆ, ತೆಗೆದ ತಟ್ಟೆ ಮತ್ತೆ ಬಾಯಿಯ ಮೇಲೆ ಮುಚ್ಚಳವಾಗಿ ಕೂರುತ್ತದೆ.

ಆಮೇಲೆ ಕಿವಿ. ಹಿಡಿಯ ಎರಡು ತೂತುಗಳು ಸರಿಯಾಗಿ ಎದುರುಬದುರು ಇರಬೇಕು. ಒಂದಿಷ್ಟು ಆಚೀಚೆ ಆದರೂ ಪಾತ್ರೆ ಓರೆಯಾಗಿ ತೂಗುತ್ತದೆ, ತುಂಬಿದಾಗ ಒಂದು ಕಡೆ ತುಳುಕುತ್ತದೆ. ಕಣ್ಣಳತೆಯನ್ನು ನಂಬಬೇಡಿ. ಒಂದು ದಾರವನ್ನು ಡಬ್ಬದ ಸುತ್ತ ಸುತ್ತಿ ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಿ. ನನ್ನ ಡಬ್ಬಕ್ಕೆ 31 ಸೆಂಟಿಮೀಟರ್ ಬಂತು. ಅದನ್ನು ಎರಡಾಗಿ ಮಡಿಸಿ ಮಡಿಕೆಗೆ ಮಸಿಯ ಚುಕ್ಕೆ ಇಡಿ. ಮತ್ತೆ ಸುತ್ತಿದರೆ ದಾರದ ತುದಿ ಒಂದು ತೂತು, ಚುಕ್ಕೆ ಇನ್ನೊಂದು. ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗೆ. ಪಕ್ಕದ ಹೊಲಿಗೆಯ ಮೇಲೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ.

ತೂತು ಹೊಡೆಯುವಾಗ ತಗಡು ಒಳಗೆ ಕುಸಿಯುತ್ತದೆ. ಡಬ್ಬದಲ್ಲಿ ನೀರು ತುಂಬಿಸಿ ಮಂಜುಗಡ್ಡೆ ಮಾಡಿ, ಆಮೇಲೆ ಮೊಳೆ ಹೊಡೆಯಿರಿ ಅನ್ನುವ ಉಪಾಯ ಒಂದಿದೆ. ಗೋಡೆ ನೆಗ್ಗುವುದಿಲ್ಲ, ನಿಜ. ಆದರೆ ನೀರು ಗಡ್ಡೆ ಕಟ್ಟುವಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ನನ್ನ ಒಂದು ಡಬ್ಬದ ತಳ ಹೊರಗೆ ಉಬ್ಬಿ, ಸಮನೆಲದ ಮೇಲೂ ಅಲ್ಲಾಡತೊಡಗಿತು. ಅದಕ್ಕಿಂತ ಒಂದು ದುಂಡನೆಯ ಸೌದೆಯ ತುಂಡು ಒಳ್ಳೆಯದು. ಅದನ್ನು ಅಡ್ಡ ಇಟ್ಟು, ಡಬ್ಬವನ್ನು ಟೋಪಿಯ ಹಾಗೆ ಅದಕ್ಕೆ ತೊಡಿಸಿ, ಮೊಳೆಯ ಮೇಲೆ ಒಂದೇ ಪೆಟ್ಟು. ಒಳಗೆ ಎದ್ದ ಚೂಪನ್ನು ಅರದಿಂದ ಸವರಿ.

ಹಿಡಿಗೆ ತಂತಿ ಹುಡುಕುವಾಗ ಮತ್ತೆ ಸತುವಿನ ಪ್ರಶ್ನೆ ಬಂತು. ಕೈಗೆ ಸುಲಭವಾಗಿ ಸಿಗುವ ತಂತಿಗಳಲ್ಲಿ ಬಹಳಷ್ಟು ಸತು ಲೇಪದವು. ಬಟ್ಟೆ ನೇತುಹಾಕುವ ಹ್ಯಾಂಗರ್‌ಗೆ ಬಣ್ಣ ಇರುತ್ತದೆ. ನನಗೆ ಒದಗಿದ್ದು ಮುರಿದ ಸೈಕಲ್ ಚಕ್ರದ ಸ್ಟೇನ್‌ಲೆಸ್ ಕಡ್ಡಿ. 2 ಮಿಲಿಮೀಟರ್ ದಪ್ಪ, ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಈ ಪಾತ್ರೆಗೆ ಅಳತೆ ಹಾಕಿ ಮಾಡಿದ ಹಾಗಿದೆ. ಅದು ಬಗ್ಗುವುದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಬಗ್ಗಿಸಿದಷ್ಟು ಮರಳಿ ಬರುತ್ತದೆ. ಒಂದು ಅಗಲ ಬಾಟಲಿಯ ಸುತ್ತ ಒತ್ತಿ ಹಿಡಿದು ಕಮಾನು ಮಾಡಿದೆ, ತುದಿಗಳನ್ನು ದಪ್ಪ ಮೊಳೆಗೆ ಸುತ್ತಿ ಕೊಕ್ಕೆ ಮಾಡಿದೆ. ಕೊಕ್ಕೆಯನ್ನು ಹೊರಗಿನಿಂದ ಒಳಗೆ ಹಾಕಿ ಮೇಲಕ್ಕೆ ಮಡಿಸಿದರೆ ಕಳಚಿ ಬರುವುದಿಲ್ಲ. ಕಮಾನಿನ ನಡುವೆ ಒಂದು ಸಣ್ಣ ತಗ್ಗು ಮಾಡಿಟ್ಟಿದ್ದೇನೆ. ಕೋಲಿಗೆ ತೂಗುಹಾಕಿದಾಗ ಜಾರದೆ ಅಲ್ಲೇ ನಿಲ್ಲುತ್ತದೆ. ಇಡೀ ಪಾತ್ರೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಆ ತಗ್ಗು.

ಇಷ್ಟೆಲ್ಲ ಹೇಳಿದ ಪಾತ್ರೆ ನನ್ನ ಎರಡನೆಯದು. ಮೊದಲನೆಯದೂ ಇಂಥದ್ದೇ ಹಣ್ಣಿನ ಡಬ್ಬ, ಇದೇ ಅಳತೆ. ಅದನ್ನು ನಾನೇ ಹಾಳು ಮಾಡಿದೆ. ನೀರು ಕುದಿಯಲು ಇಟ್ಟು ಕಟ್ಟಿಗೆ ತರಲು ಹೋದೆ. ದಾರಿಯಲ್ಲಿ ಯಾರೋ ಸಿಕ್ಕಿದರು, ಮಾತು ಬೆಳೆಯಿತು. ಬಂದು ನೋಡಿದಾಗ ಪಾತ್ರೆಯಿಂದ ಆವಿ ಬರುತ್ತಿರಲಿಲ್ಲ. ಒಳಗೆ ಬಗ್ಗಿ ನೋಡಿದೆ. ಬೆಳ್ಳಿಯಂಥ ತಳ ಮಂಕಾಗಿ ಅಲ್ಲಲ್ಲಿ ಹೊಂಬಣ್ಣ, ನಡುವೆ ನೀಲಿ. ಉಂಗುರದ ಗೆರೆಗಳ ತಗ್ಗಿನಲ್ಲಿ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು ಸಾಲಾಗಿ ನಿಂತಿದ್ದವು. ಡಬ್ಬಕ್ಕೆ ಬೆವರು ಬಂದ ಹಾಗೆ. ಅದು ಕರಗಿ ಹರಿದ ಕಲಾಯಿ. ತವರ ಕರಗುವುದು 232 ಡಿಗ್ರಿಗೆ. ಸೌದೆಯ ಉರಿಗೆ ಅದೊಂದು ಲೆಕ್ಕವೇ ಅಲ್ಲ.

ಕುಡಿಯುವ ನೀರಿನ ಕುದಿ 100 ಡಿಗ್ರಿ, ಸಮುದ್ರಮಟ್ಟದಲ್ಲಿ. ಎತ್ತರ ಹೋದಂತೆ ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ ಇಳಿಯುತ್ತದೆ. ಒಳಗೆ ನೀರು ಇರುವವರೆಗೆ ತೆಳ್ಳಗಿನ ತಗಡಿನ ಬಿಸಿ ಅದಕ್ಕಿಂತ ಹೆಚ್ಚೇನೂ ಮೇಲೆ ಹೋಗುವುದಿಲ್ಲ. ಕೆಳಗೆ 800 ಡಿಗ್ರಿ ಉರಿ ಇದ್ದರೂ ಬಂದ ಬಿಸಿಯನ್ನೆಲ್ಲ ನೀರು ಎಳೆದುಕೊಂಡು ಆವಿಯಾಗಿ ಹೊರಗೆ ಕಳಿಸುತ್ತಿರುತ್ತದೆ. ಕಾಗದದ ಲೋಟದಲ್ಲಿ ನೀರು ಹಾಕಿ ದೀಪದ ಮೇಲೆ ಹಿಡಿದು ಕುದಿಸುವ ಶಾಲೆಯ ಪ್ರಯೋಗ ನೆನಪಿದೆ ಅಲ್ವಾ? ಕಾಗದ ಸುಡದೆ ಉಳಿಯೋದು ಇದೇ ಕಾರಣಕ್ಕೆ. ಪಾಠ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಿಗೆ ಕಂಡದ್ದು ಆ ಚುಕ್ಕೆಗಳಲ್ಲಿ.

ಆ ಡಬ್ಬಕ್ಕೆ ಮತ್ತೆ ನೀರು ಹಾಕಿದೆ. ಕೆಂಡದಲ್ಲಿ ಚುಯ್ ಅಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಚುಯ್. ತಳದ ಹೊಲಿಗೆಯಲ್ಲಿ ತಗಡಿನ ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಸಿ ಒತ್ತಿರುತ್ತಾರೆ, ನಡುವೆ ರಬ್ಬರಿನಂಥ ತೆಳು ಪದರ ಹಾಕಿ ಮುಚ್ಚಿರುತ್ತಾರೆ. ಆ ಪದರ ಸುಟ್ಟುಹೋಗಿತ್ತು. ಅಷ್ಟು ದಿನ ಅದನ್ನೂ ಕಾಯುತ್ತಿದ್ದದ್ದು ನೀರೇ. ಹೊಲಿಗೆಯ ತಂಟೆಯೇ ಬೇಡ ಅನ್ನುವವರು ತಳ ಮತ್ತು ಗೋಡೆ ಒಂದೇ ತಗಡಿನಿಂದ ಎಳೆದ ಡಬ್ಬ ನೋಡಬಹುದು. ಬುಡದಲ್ಲಿ ಹೆಬ್ಬೆರಳು ಓಡಿಸಿದರೆ ಏಣು ಸಿಗದೆ ನಯವಾಗಿ ಜಾರುತ್ತದೆ. ಆದರೆ ಅಂಥವಕ್ಕೆ ಒಳಗೆ ಲೇಪ ಇರುವುದೇ ಜಾಸ್ತಿ.

ನಾನು ಮೂರನೆಯದಾಗಿ ಆ ಮುಚ್ಚಳ ಕಳೆದ ಸ್ಟೀಲ್ ಡಬ್ಬಿಗೂ ಕಿವಿ ತೂತು ಕೊರೆದೆ. ಒಂದೇ ಗೋಡೆ, ಹೊಲಿಗೆ ಇಲ್ಲ, ಲೇಪ ಇಲ್ಲ, ತುಕ್ಕಿನ ಭಯವೂ ಕಡಿಮೆ. ದಿನಾ ಅಡುಗೆ ಮಾಡುವವರಿಗೆ ಅದನ್ನೇ ಹೇಳುತ್ತೇನೆ. ಹುಳಿಯ ಅಡುಗೆಗಂತೂ ಅದೇ ಬೇಕು. ಹುಳಿ ತವರವನ್ನು ಕರಗಿಸುತ್ತದೆ. ಡಬ್ಬದ ಆಹಾರದಲ್ಲಿ ತವರ ಕಿಲೋಗೆ 250 ಮಿಲಿಗ್ರಾಂ ದಾಟಬಾರದು ಅಂತ ಆಹಾರದ ಗುಣಮಟ್ಟ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಕೋಡೆಕ್ಸ್ ಮಿತಿ ಇಟ್ಟಿದೆ. ಅದಕ್ಕೇ ತವರದ ಪಾತ್ರೆಯಲ್ಲಿ ನಾನು ಏನನ್ನೂ ರಾತ್ರಿಯೆಲ್ಲ ಬಿಡುವುದಿಲ್ಲ. ಸ್ಟೀಲಿನ ಕಷ್ಟ ಬೇರೆ. ಅದು ಬಿಸಿಯನ್ನು ಪಕ್ಕಕ್ಕೆ ಹಂಚುವುದು ತುಂಬಾ ನಿಧಾನ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಹಂಚುತ್ತದೆ. ಹಾಗಾಗಿ ಸ್ಟೀಲ್ ಡಬ್ಬಿಯಲ್ಲಿ ಉರಿ ಎಲ್ಲಿ ತಾಗಿತೋ ಅಲ್ಲೇ ತಳ ಹಿಡಿಯುತ್ತದೆ. ಗಟ್ಟಿ ಅಡುಗೆ ಆದರೆ ಉರಿಯ ಮೇಲಲ್ಲ, ಕೆಂಡದ ಮೇಲೆ, ಕೈ ಬಿಡದೆ ತಿರುವುತ್ತಾ ಇರಬೇಕು.

ಒಂದು ಸಂಜೆ ಲೆಕ್ಕ ಹಾಕುತ್ತಾ ಕೂತಿದ್ದೆ. 700 ಮಿಲಿಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ತರಲು ಸುಮಾರು 220 ಕಿಲೋಜೌಲ್ ಬೇಕು. ಒಣ ಸೌದೆಯ ಒಂದು ಕಿಲೋದಲ್ಲಿ ಹೆಚ್ಚುಕಡಿಮೆ 16,000 ಕಿಲೋಜೌಲ್ ಇರುತ್ತದೆ. ಅಂದರೆ ಆ ನೀರಿಗೆ ಬೇಕಾದದ್ದು ಬರೀ 14 ಗ್ರಾಂ ಸೌದೆ! ಒಂದು ಹಿಡಿಯೂ ಅಲ್ಲ, ನಾಲ್ಕು ಬೆರಳಿನ ನಡುವೆ ಹಿಡಿಯುವಷ್ಟು ಪುರಳೆ. ಮೂರು ಕಲ್ಲಿನ ನಡುವೆ ನಾನು ಅದರ ಎಷ್ಟೋ ಪಟ್ಟು ಸುಡುತ್ತಿದ್ದೆ. ತೆರೆದ ಉರಿಯ ಬಿಸಿಯಲ್ಲಿ ಹತ್ತರಲ್ಲಿ ಒಂದು ಪಾಲು, ಅದಕ್ಕಿಂತ ತುಸು ಹೆಚ್ಚು ಪಾತ್ರೆಗೆ ತಲುಪಿದರೆ ದೊಡ್ಡದು. ಉಳಿದದ್ದು ಗಾಳಿಗೆ.

ಹಾಲಿನ ಪುಡಿಯ ಡಬ್ಬ ಆಗ ಕೆಲಸಕ್ಕೆ ಬಂತು. ಅದರ ಅಗಲ 127 ಮಿಲಿಮೀಟರ್. ತಳ ಕತ್ತರಿಸಿ ತೆಗೆದೆ, ಹೊರಗಿನ ಬಣ್ಣವನ್ನು ಬಯಲಲ್ಲಿ ಸುಟ್ಟು ಮರಳಿನಿಂದ ತಿಕ್ಕಿದೆ. ಇದು ಅಡುಗೆಗೆ ತಾಗುವುದಿಲ್ಲ, ಹಾಗಾಗಿ ಲೇಪ ಹೋದ ಉಕ್ಕಾದರೂ ನಡೆಯುತ್ತದೆ. ಈ ಕೊಳವೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಒಳಗೆ ಪಾತ್ರೆ ಇಳಿಬಿಟ್ಟರೆ ಸುತ್ತಲೂ 14 ಮಿಲಿಮೀಟರ್ ಸಂದಿ. ಉರಿ ತಳಕ್ಕೆ ಬಡಿದು ಪಕ್ಕಕ್ಕೆ ಓಡಿಹೋಗುವ ಬದಲು ಆ ಸಂದಿಯಲ್ಲಿ ಗೋಡೆಯನ್ನು ಸವರಿಕೊಂಡು ಮೇಲೇಳುತ್ತದೆ. ಸಂದಿ ಇನ್ನೂ ಕಿರಿದಾದರೆ ಹೊಗೆ ಉಸಿರುಕಟ್ಟಿ ಉರಿ ಮಂಕಾಗುತ್ತದೆ, ಜಾಸ್ತಿ ಅಗಲವಾದರೆ ಬಿಸಿ ತಾಗದೆ ಹೋಗುತ್ತದೆ. ಮೊದಲು ನಾಲ್ಕು ಹಿಡಿ ಪುರಳೆ ಬೇಕಿದ್ದ ಕಡೆ ಈಗ ಎರಡು ಹಿಡಿ ಸಾಕು. ಗಾಳಿ ಬೀಸುವ ದಿನ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ.

ಮುಚ್ಚಳವನ್ನು ಮೊದಲೆಲ್ಲ ಮರೆತುಬಿಡುತ್ತಿದ್ದೆ. ಒಂದು ಲೀಟರ್ ನೀರನ್ನು ಕುದಿಗೆ ತರಲು ಬೇಕಾದ ಬಿಸಿಗಿಂತ ಅದೇ ನೀರನ್ನು ಪೂರ್ತಿ ಆವಿ ಮಾಡಲು ಏಳು ಪಟ್ಟು ಹೆಚ್ಚು ಬಿಸಿ ಬೇಕು. ತೆರೆದ ಬಾಯಿಂದ ಹೋಗುವ ಪ್ರತಿ ಸುರುಳಿ ಆವಿಯೂ ಅಷ್ಟಷ್ಟು ಸೌದೆಯನ್ನು ಹೊತ್ತುಕೊಂಡು ಹೋಗುತ್ತದೆ. ಮುಚ್ಚಳಕ್ಕೆ ನಡುವೆ ತೂತು ಮಾಡಿ ಒಂದು ಸ್ಕ್ರೂ ಹಾಕಿ, ಮೇಲೆ ಬಾಟಲಿಯ ಬೆಂಡು ಕೂರಿಸಿದ್ದೇನೆ. ಬೆರಳು ಸುಡುವುದಿಲ್ಲ. ಆವಿ ಹೊರಗೆ ಹೋಗಲು ಅಂಚಿನ ಹತ್ತಿರ ಇನ್ನೊಂದು ಸಣ್ಣ ತೂತು. ಕುಡಿಯುವ ನೀರಾದರೆ ಚೆನ್ನಾಗಿ ಮಗುಚಿ ಕುದಿಯುವುದನ್ನು ಒಂದು ನಿಮಿಷ ನೋಡಿ ಇಳಿಸುತ್ತೇನೆ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕು.

ಮಸಿಯ ವಿಷಯ ಒಂದು ಮಾತು. ಹೊಸ ಡಬ್ಬದ ಹೊಳಪು ಉರಿಯ ಬಿಸಿಯನ್ನು ಒಂದಿಷ್ಟು ಹಿಂದಕ್ಕೆ ಎಸೆಯುತ್ತದೆ, ಕಪ್ಪಾದ ಮೇಲೆ ಎಳೆದುಕೊಳ್ಳುತ್ತದೆ. ಹಾಗಾಗಿ ಹೊರಗಿನ ಮಸಿಯನ್ನು ನಾನು ತಿಕ್ಕಿ ತೆಗೆಯುವುದಿಲ್ಲ, ಉದುರುವಷ್ಟನ್ನು ಒರೆಸಿ ಬಟ್ಟೆಯ ಚೀಲದಲ್ಲಿ ಇಡುತ್ತೇನೆ. ಪಾತ್ರೆ ಹೊಳೆಯುತ್ತಲೇ ಇರಬೇಕು ಅನ್ನುವವರು ಒಲೆಗೆ ಇಡುವ ಮೊದಲು ಹೊರಮೈಗೆ ತೆಳ್ಳಗೆ ಸೋಪು ಸವರಿದರೆ ಆಮೇಲೆ ಮಸಿ ನೀರಿನಲ್ಲೇ ಬಿಟ್ಟುಬರುತ್ತದೆ. ಒಳಗೆ ಮಾತ್ರ ನಾರು ಹಾಕಿ ಗಟ್ಟಿಯಾಗಿ ಉಜ್ಜಬೇಡಿ. ಅಷ್ಟು ತೆಳು ಕಲಾಯಿ ಎಷ್ಟು ದಿನ ತಡೆದೀತು? ಮೆತ್ತನೆಯ ಬಟ್ಟೆ, ಬಿಸಿನೀರು, ಆಮೇಲೆ ಆರುವ ಕೆಂಡದ ಹತ್ತಿರ ಬೋರಲು ಹಾಕಿ ಒಣಗಿಸುವುದು.

ಎರಡನೆಯ ಪಾತ್ರೆಗೂ ವಯಸ್ಸಾಗುತ್ತಿದೆ. ಕಿವಿಯ ತೂತುಗಳ ಸುತ್ತ ತುಕ್ಕು ಶುರುವಾಗಿದೆ. ತೂತು ಹೊಡೆದ ಕಡೆ ಉಕ್ಕು ಬರಿಮೈಯಲ್ಲಿ ನಿಂತಿರುತ್ತದೆ, ಮೊದಲು ಹಿಡಿಯೋದು ಅಲ್ಲೇ. ಎಣ್ಣೆ ಸವರುತ್ತಾ ಬಂದಿದ್ದೇನೆ. ಸೂಜಿಮೊನೆಯಷ್ಟು ತೂತು ಕಂಡ ದಿನ ಹಿಡಿ ಬಿಚ್ಚಿ ಇನ್ನೊಂದು ಡಬ್ಬಕ್ಕೆ ಹಾಕಬೇಕು. ಆ ಡಬ್ಬವೂ ಸಿಕ್ಕಿದೆ. ಈ ಸಲದ್ದು ಪೀಚ್ ಹಣ್ಣಿನದು. ತಳದವರೆಗೂ ಬೆಳ್ಳಿ, ಒಳಗೆ ಗರಿಯ ಗುರುತು ದಟ್ಟವಾಗಿದೆ. ತೊಳೆದು ಒಣಗಿಸಿ ಕಪಾಟಿನ ಮೇಲೆ ಇಟ್ಟಿದ್ದೇನೆ.

ಇವತ್ತು ಸಂಜೆ ಹಳೆಯದನ್ನೇ ಒಲೆಗೆ ಇಟ್ಟೆ. ಇಷ್ಟು ತೆಳ್ಳಗಿನ ಗೋಡೆಯಾದ್ದರಿಂದ ಒಳಗಿನದೆಲ್ಲ ಕೇಳುತ್ತದೆ. ಮೊದಲು ಸಣ್ಣಗೆ ಸುಂಯ್ ಅನ್ನುವ ಸದ್ದು. ತಳದಲ್ಲಿ ಹುಟ್ಟಿದ ಗುಳ್ಳೆಗಳು ಮೇಲಿನ ತಣ್ಣನೆಯ ನೀರಿಗೆ ಬಂದು ಒಡೆಯುವ ಸದ್ದು ಅದು. ಅದು ಏರುತ್ತಾ ಹೋಗುತ್ತದೆ, ಈಗ ಕುದಿಯಿತು ಅನ್ನಿಸುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸದ್ದು ತಗ್ಗುತ್ತದೆ. ನೀರೆಲ್ಲ ಒಂದೇ ಬಿಸಿಗೆ ಬಂದಿದೆ, ಗುಳ್ಳೆಗಳು ನಡುವೆ ಒಡೆಯದೆ ಮೇಲಿನವರೆಗೂ ಬರುತ್ತಿವೆ. ಆ ಸದ್ದಿಲ್ಲದ ಒಂದೆರಡು ಕ್ಷಣ ಕಳೆದ ಮೇಲೆ ಮುಚ್ಚಳ ಟಕ ಟಕ ಅಂತ ಕುಣಿಯಲು ಶುರು ಮಾಡಿತು. ಕೋಲಿನ ತುದಿಯನ್ನು ಹಿಡಿಯ ತಗ್ಗಿಗೆ ಸಿಕ್ಕಿಸಿ, ಎತ್ತಿ ಪಕ್ಕದ ಕಲ್ಲಿನ ಮೇಲೆ ಇಟ್ಟೆ.